ಇಪ್ಪತ್ತರಲ್ಲಿ ಒಂದು

ಕಿವಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಕಾಣುತ್ತಿರಲಿಲ್ಲ. ರೇಡಿಯೋ ನಿಲಯದ ಗೇಟು ಕಾಯುವವನಿಂದ ಹಿಡಿದು ಮೇಲಿನ ಮಹಡಿಯ ದೊಡ್ಡವರ ತನಕ ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣನೇ. ಮೂವತ್ತಾರು ವರ್ಷ ಒಂದೇ ಕೋಣೆಯಲ್ಲಿ ಕೂತು, ಬೇರೆಯವರು ಆಡಿದ್ದನ್ನು ಕೇಳಿಸಿಕೊಂಡು ಹೊಟ್ಟೆ ಹೊರೆದ ಮನುಷ್ಯ. ಅದೂ ಒಂದು ಕೆಲಸವೇ ಅಂತ ಮೂಗು ಮುರಿಯಬೇಡಿ. ಮನೆಯವರು ಹೇಳಿದ್ದನ್ನೇ ನಾವು ನೆಟ್ಟಗೆ ಕೇಳಿಸಿಕೊಳ್ಳಲ್ಲ. ಅವನು ಗುರುತು ಪರಿಚಯ ಇಲ್ಲದವರ ಕೆಮ್ಮು ಸೀನು ಸಮೇತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಅವನ ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ಚಿಕ್ಕವನಿದ್ದಾಗ ಇವನು ಯಂತ್ರಕ್ಕೆ ಬೆನ್ನು ಹಾಕಿ ಕೂತುಕೊಂಡೇ ಯಾವ ಅಕ್ಷರದ ಕಡ್ಡಿ ಸವೆದಿದೆ ಅಂತ ಹೇಳುತ್ತಿದ್ದನಂತೆ. ಗಿರಾಕಿಗಳು ಬೆರಗಾಗುತ್ತಿದ್ದರು, ಅಪ್ಪ ಮೀಸೆಯಲ್ಲೇ ನಗುತ್ತಿದ್ದ, ಮಗನಿಗೆ ಜಂಬ ತಲೆಗೇರಿತು. ಏರಿದ್ದು ಇಳಿಯಲಿಲ್ಲ. ನಿಲಯದ ಕ್ಯಾಂಟೀನಿನಲ್ಲಿ ಚಹಾ ಹೀರುತ್ತ, ಮೆಟ್ಟಿಲ ಮೇಲೆ ಯಾರು ಬರುತ್ತಿದ್ದಾರೆ, ಅವರ ಯಾವ ಕಾಲಿನ ಚಪ್ಪಲಿ ಹರಿದಿದೆ, ಮೇಲೆ ಬೈಸಿಕೊಂಡು ಬರುತ್ತಿದ್ದಾರೋ ಹೊಗಳಿಸಿಕೊಂಡೋ ಎಲ್ಲವನ್ನೂ ಅವರು ಬಾಗಿಲಿಗೆ ಬರುವ ಮೊದಲೇ ಹೇಳಿ ಮುಗಿಸುತ್ತಿದ್ದ. ಮುಕ್ಕಾಲು ಪಾಲು ಸರಿಯಿರುತ್ತಿತ್ತು. ಅದೇ ಬಂದ ಗ್ರಹಚಾರ.

ಆಗೆಲ್ಲ ಟೇಪಿನ ಕಾಲ. ಸ್ಟುಡಿಯೋದಲ್ಲಿ ಮಾತಾಡಿದ್ದು ಕಂದು ಬಣ್ಣದ ಪಟ್ಟಿಯ ಮೇಲೆ ಸುತ್ತಿಕೊಂಡು ಇವನ ಮೇಜಿಗೆ ಬರುತ್ತಿತ್ತು. ಅದನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದು, ಬೇಡದ ಜಾಗ ಸಿಕ್ಕಿದ ಕೂಡಲೇ ಬ್ಲೇಡಿನಿಂದ ಕತ್ತರಿಸಿ, ಉಳಿದ ತುದಿಗಳನ್ನು ಸೇರಿಸಿ ಅಂಟಿಸಬೇಕು. ಕೆಮ್ಮಿದ್ದು, ತಡವರಿಸಿದ್ದು, ‘ಅದೂ… ಏನಂದ್ರೇ…’ ಅಂತ ಎಳೆದದ್ದು, ಸಾಲಿನ ನಡುವೆ ಉಸಿರು ತೆಗೆದುಕೊಂಡದ್ದು, ಎಲ್ಲ ಮೇಜಿನ ಕೆಳಗಿನ ಬುಟ್ಟಿಗೆ. ಎಂತೆಂಥ ದೊಡ್ಡ ಮನುಷ್ಯರೆಲ್ಲ ಇವನ ಬ್ಲೇಡಿನ ದಯೆಯಿಂದ ರೇಡಿಯೋದಲ್ಲಿ ನಿರರ್ಗಳವಾಗಿ ಮಾತಾಡಿಬಿಟ್ಟರು.

ಅವಳು ಬಂದದ್ದು ಕೇಳುಗರ ಕಾಗದ ಓದುವುದಕ್ಕೆ. ಪ್ರತಿ ಗುರುವಾರ ಮಧ್ಯಾಹ್ನ ಕಾಲು ಗಂಟೆ. ಯಾರ್ಯಾರೋ ಬರೆದ ಕಾಗದ ಓದೋದು, ನಡುನಡುವೆ ತನ್ನದೂ ಒಂದು ಮಾತು ಸೇರಿಸೋದು, ಅಷ್ಟೇ. ಮೊದಲ ಕಾರ್ಯಕ್ರಮ ಪ್ರಸಾರವಾದ ಮಾರನೇ ದಿನ ನೇರ ಇವನ ಕೋಣೆಗೆ ಬಂದು, ನಾನೇನು ಸತ್ತುಹೋಗಿದೀನಾ, ನನ್ನ ಉಸಿರೆಲ್ಲ ಎಲ್ಲಿ ಹೋಯ್ತು ಅಂತ ಜಗಳಕ್ಕೆ ನಿಂತಳು. ಇವನು ಬುಟ್ಟಿ ತೋರಿಸಿದ. ಅವಳು ಬಗ್ಗಿ ಒಂದು ಹಿಡಿ ಟೇಪಿನ ಚೂರು ಎತ್ತಿಕೊಂಡು, ಇಷ್ಟೂ ನಂದಾ ಅಂತ ಕಣ್ಣರಳಿಸಿ ನಕ್ಕಳು. ನಗುವುದಕ್ಕೆ ಮುಂಚೆ ಮೂಗಿನಲ್ಲಿ ಒಂದು ಚಿಕ್ಕ ಉಸಿರು ಎಳೆದುಕೊಳ್ಳುವುದು ಅವಳ ಅಭ್ಯಾಸ, ನೀರಿಗೆ ಮುಳುಗು ಹಾಕುವವರ ಹಾಗೆ. ಇವನು ಕತ್ತರಿಸಿ ಎಸೆದದ್ದು ಅದನ್ನೇ. ಆವತ್ತಿನಿಂದ ಅವಳ ಟೇಪಿನಲ್ಲಿ ಒಂದೇ ಒಂದು ಉಸಿರಿಗೂ ಬ್ಲೇಡು ತಾಗಿಸಲಿಲ್ಲ. ಮಿಕ್ಕವರ ಉಸಿರೆಲ್ಲ ಬುಟ್ಟಿಗೆ, ಅವಳದು ಮಾತ್ರ ಪ್ರಸಾರಕ್ಕೆ. ಇಡೀ ನಿಲಯಕ್ಕೆ ಇವರಿಬ್ಬರ ವಿಷಯ ತಿಳಿದದ್ದೇ ಹಾಗೆ; ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. ಮರುವರ್ಷ ಮದುವೆಯಾಯಿತು.

ಇಪ್ಪತ್ತೆರಡು ವರ್ಷ ಓದಿದಳು. ಆಮೇಲೆ ಗಂಟಲಲ್ಲಿ ಗಂಟು ಅಂದರು, ಕೆಟ್ಟ ಗಂಟು ಅಂದರು, ಧ್ವನಿಪೆಟ್ಟಿಗೆ ಸಮೇತ ತೆಗೆಯದೆ ದಾರಿಯಿಲ್ಲ ಅಂದರು. ತೆಗೆದರು. ಜೀವ ಉಳಿಯಿತು. ಕುತ್ತಿಗೆಯಲ್ಲಿ ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದ. ಏಳು ವರ್ಷದಿಂದ ಅವಳ ಬಾಯಿ ಅಂದರೆ ಒಂದು ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ಸಿಲು. ಮಾತು ನಿಂತರೂ ಕುಚೋದ್ಯ ನಿಲ್ಲಲಿಲ್ಲ. ಇವಳು ಮಾತಾಡಲ್ಲ ಅಂತ ಗೊತ್ತಾದ ಕೂಡಲೇ ಜನ ಇವಳಿಗೆ ಕಿವಿಯೂ ಕೇಳಿಸಲ್ಲ ಅಂದುಕೊಳ್ಳುತ್ತಿದ್ದರು. ಔಷಧಿ ಅಂಗಡಿಯವನಂತೂ ಮಾತ್ರೆ ದಿನಕ್ಕೆ ಎರಡು ಅನ್ನುವುದನ್ನು ಬೀದಿಗೆಲ್ಲ ಸಾರುತ್ತಿದ್ದ. ಪ್ರತಿ ಸಲ ಬರೆದು ಬರೆದು ಸಾಕಾಗಿ ಅವಳು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಳು: ‘ಹೋಗಿರೋದು ಗಂಟಲು, ಕಿವಿ ಅಲ್ಲ.’ ಯಾರಾದರೂ ಅರಚಿದರೆ ತಿರುಗಿಸಿ ತೋರಿಸೋದು. ಔಷಧಿಯವನ ಪೆಚ್ಚು ಮುಖ ನೆನೆದು ಕಿವಿಯಣ್ಣ ವಾರಗಟ್ಟಲೆ ನಕ್ಕ. ಎಂತೆಂಥ ದಡ್ಡರಿರ್ತಾರೆ ನೋಡಿ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ನಗು ಏನೋ ನಕ್ಕ, ಆದರೆ ಮನೆಯೊಳಗೆ ಅವಳ ದನಿ ಇಲ್ಲದ್ದು ಅವನನ್ನು ತಿಂದುಹಾಕಿತು. ಇಪ್ಪತ್ತೆರಡು ವರ್ಷದ ದನಿ ನಿಲಯದ ಕಪಾಟಿನಲ್ಲಿ ಸಾಲುಸಾಲಾಗಿ ಕೂತಿತ್ತು, ಒಂದು ಟೇಪನ್ನೂ ಹೊರಗೆ ಒಯ್ಯುವ ಹಾಗಿರಲಿಲ್ಲ. ಕೊನೆಗೆ ಒಂದು ದಾರಿ ಕಂಡಿತು. ಯಾರಾದರೂ ಹಳೆಯ ಕಾರ್ಯಕ್ರಮ ಕೇಳಬೇಕು ಅಂತ ಬಂದರೆ ಕೊಡುವುದಕ್ಕೆ ನಿಲಯದಲ್ಲಿ ಕೇಳುವ ಪ್ರತಿ ಅಂತ ಒಂದು ಪದ್ಧತಿ. ಕಂಪ್ಯೂಟರಿನಲ್ಲಿ ಹಿಂಡಿ ಚಿಕ್ಕದು ಮಾಡಿದ ಫೈಲು, ಅದನ್ನು ಯಾರು ಬೇಕಾದರೂ ತಗೊಂಡು ಹೋಗಬಹುದು. ಅರ್ಜಿ ಬರೆದುಕೊಟ್ಟು ಒಂದು ಕಾರ್ಯಕ್ರಮದ ಪ್ರತಿಯನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರಿನಲ್ಲಿ ಹಾಕಿಕೊಂಡು ಬಂದ. ಹದಿನಾಲ್ಕು ನಿಮಿಷ. ಮೊದಲ ದಿನ ಮೇಜಿನ ಮೇಲಿಟ್ಟು ಗಟ್ಟಿಯಾಗಿ ಹಾಕಿದಾಗ ಅವಳು ಅರ್ಧ ಕೇಳಿ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು. ಪಾಪ, ಕಳಕೊಂಡವಳಿಗೆ ಕರುಳು ಕಿತ್ತು ಬರುತ್ತೆ ಅಂದುಕೊಂಡ. ಆಮೇಲೆ ಇಯರ್‌ಫೋನು ಹಾಕಿಕೊಳ್ಳತೊಡಗಿದ. ಕೆಲಸದಿಂದ ಬಂದು ಕೈಕಾಲು ತೊಳೆದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಹದಿನಾಲ್ಕು ನಿಮಿಷ, ದಿನಾ, ಏಳು ವರ್ಷ. ಅವನು ಅದನ್ನು ಕಿವಿಗಿಟ್ಟ ಕೂಡಲೇ ಅವಳು ಎದ್ದು ಹೋಗುವುದೂ ದಿನಾ ನಡೆಯಿತು. ಯಾಕೆ ಅಂತ ಇವನು ಒಂದು ದಿನವೂ ಕೇಳಲಿಲ್ಲ. ಎಲ್ಲವನ್ನೂ ಕೇಳಿಸಿಕೊಳ್ಳುವ ಈ ಮಹರಾಯ ಅದೊಂದನ್ನು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಿಲಯದ ಟೇಪಿಗೆಲ್ಲ ಬೂಸಲು ಹಿಡಿಯಿತು. ಅವನ್ನು ಒಂದೊಂದಾಗಿ ಓಡಿಸಿ, ಒಂದಕ್ಷರ ಬಿಡದೆ ಕಂಪ್ಯೂಟರಿಗೆ ಇಳಿಸುವ ಕೆಲಸ ಇವನ ಪಾಲಿಗೆ ಬಂತು. ರಾಶಿ ದೊಡ್ಡದು, ಸದ್ದು ಮುಚ್ಚಿ ಮೀಟರಿನ ಮುಳ್ಳು ನೋಡಿಕೊಂಡೇ ಇಳಿಸಿದ, ಯಾವುದನ್ನೂ ಕೂತು ಕೇಳಲು ಪುರಸೊತ್ತಿರಲಿಲ್ಲ. ಇಳಿಸಿ ಮುಗಿದ ಮೇಲೆ ಟೇಪನ್ನೆಲ್ಲ ಲಾರಿಗೆ ತುಂಬಿ ಸಾಗಹಾಕಿದರು. ಇನ್ನು ಉಳಿದದ್ದು ಫೈಲು ಮಾತ್ರ. ಒಂದೊಂದು ಕಾರ್ಯಕ್ರಮಕ್ಕೂ ಎರಡೆರಡು: ಒಂದು ದೊಡ್ಡದು, ಒಂದು ಚಿಕ್ಕದು, ಅದೇ ಆ ಕೇಳುವ ಪ್ರತಿ. ಇವೆರಡರ ವ್ಯತ್ಯಾಸ ಕೇಳಿದವರಿಗೆ ಕಿವಿಯಣ್ಣ ಹಾಸಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದ. ದೊಡ್ಡದು ಅಂದರೆ ಹಾಸಿಗೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಕಟ್ಟಿದ ಹಾಗೆ. ಜಾಗ ಕಮ್ಮಿ ಹಿಡಿಯುತ್ತೆ, ಬಿಚ್ಚಿ ಹಾಸಿದರೆ ಇದ್ದದ್ದು ಇದ್ದ ಹಾಗೇ. ಚಿಕ್ಕದು ಅಂದರೆ, ಇಲ್ಲಿ ನಿನ್ನ ಬೆನ್ನು ತಾಗಲ್ಲ, ಅಲ್ಲಿ ನಿನ್ನ ಕಾಲು ತಾಗಲ್ಲ ಅಂತ ಯಾವನೋ ತಾನೇ ತೀರ್ಮಾನ ಮಾಡಿ ಅಲ್ಲಲ್ಲಿ ಹತ್ತಿ ಕಿತ್ತುಹಾಕಿದ ಹಾಗೆ. ಮೇಲಿಂದ ನೋಡಿದರೆ ಹಾಸಿಗೆಯೇ, ಮಲಗಿದರೂ ನಿದ್ದೆ ಬರುತ್ತೆ, ಆದರೆ ಕಿತ್ತ ಹತ್ತಿ ಇನ್ಯಾವತ್ತೂ ವಾಪಸು ಬರಲ್ಲ.

ಈ ವರ್ಷ ಡಿಸ್ಕುಗಳೆಲ್ಲ ತುಂಬಿದವು. ಮೇಲಿನಿಂದ ಆದೇಶ ಬಂತು: ಹಾಡು ಸಂಗೀತದ ದೊಡ್ಡ ಫೈಲುಗಳು ಇರಲಿ, ಬರೀ ಮಾತಿನ ಕಾರ್ಯಕ್ರಮಗಳ ದೊಡ್ಡ ಫೈಲು ಅಳಿಸಿ, ಚಿಕ್ಕದಷ್ಟೇ ಉಳಿಸಿಕೊಳ್ಳಿ. ಭಾಷಣ, ಹವಾಮಾನ, ಕೃಷಿ ಮಾಹಿತಿ, ಕೇಳುಗರ ಕಾಗದ, ಎಲ್ಲ ಒಂದೇ ಪೊರಕೆಗೆ. ಭಾಷಣ ಹಾಳಾಗಿ ಹೋಗಲಿ ಅಂತ ಕಿವಿಯಣ್ಣನೂ ಅಂದುಕೊಂಡಾನು. ಆದರೆ ಅವಳ ಇಪ್ಪತ್ತೆರಡು ವರ್ಷದ ಗುರುವಾರಗಳು, ಸಾವಿರಕ್ಕೂ ಮಿಕ್ಕಿ ಕಾರ್ಯಕ್ರಮ, ಅದೇ ರಾಶಿಯಲ್ಲಿದ್ದವು. ಪ್ರಪಂಚದಲ್ಲಿ ಅವಳ ದನಿ ಇದ್ದದ್ದನ್ನು ಇದ್ದ ಹಾಗೆ ಹಿಡಿದಿಟ್ಟುಕೊಂಡಿದ್ದ ಜಾಗ ಅದೊಂದೇ.

ಸಭೆಯಲ್ಲಿ ಇವನು ಎದ್ದು ನಿಂತ. ನಿಲಯದ ಮುಖ್ಯಸ್ಥೆ ಇವನಿಗಿಂತ ಹದಿನೈದು ವರ್ಷ ಚಿಕ್ಕವಳು, ಎಲ್ಲರೂ ಮೇಡಂ ಅನ್ನುತ್ತಿದ್ದರು. ಕೆಟ್ಟವಳೇನಲ್ಲ, ಮೇಲಿನವರು ಹೇಳಿದ್ದನ್ನು ಮಾಡಬೇಕು, ಕೆಳಗಿನವರ ಬಾಯಿಗೂ ಬೀಳಬಾರದು, ಆ ಸಂಕಟದಲ್ಲಿದ್ದಳು. ಮಾತಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯೋದಿಲ್ಲವಂತಲ್ಲ ಅಂತ ಕೇಳಿದಳು. ಕಿವಿಯಣ್ಣ, ಕಣ್ಣು ಮುಚ್ಚಿಕೊಂಡು ಹೇಳ್ತೀನಿ ಯಾವುದು ಯಾವುದು ಅಂತ, ಎಷ್ಟು ಸಲ ಬೇಕಾದರೂ ಕೇಳಿಸಿ ಅಂದುಬಿಟ್ಟ. ಸಭೆಯಲ್ಲಿ ನಾಲ್ಕು ಜನ ಮೇಜು ತಟ್ಟಿದರು. ಮೇಡಂ ಯೋಚಿಸಿ ಒಪ್ಪಿದಳು. ಇಪ್ಪತ್ತು ಸಲ ಎರಡನ್ನೂ ಕೇಳಿಸೋದು, ಅಸಲು ಯಾವುದು ಅಂತ ಹದಿನಾರು ಸಲ ಸರಿಯಾಗಿ ಹೇಳಿದರೆ ಮೇಲಿನವರಿಗೆ ಬರೆದು ಮಾತಿನ ಫೈಲುಗಳನ್ನೂ ಉಳಿಸಿಕೊಡ್ತೀನಿ ಅಂತ ಮಾತು ಕೊಟ್ಟಳು.

ಅವನು ಹಿಗ್ಗಿದ್ದೇ ಹಿಗ್ಗಿದ್ದು. ಯಾವ ತುಣುಕು ಬೇಕೋ ನೀವೇ ಆರಿಸಿ ಅಂದರು. ಆರಿಸುವುದಕ್ಕೆ ಯೋಚನೆ ಯಾಕೆ? ಪ್ರಪಂಚದಲ್ಲಿ ಅವನಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದ ದನಿ, ದಿನಾ ಸಂಜೆ ಕೇಳುತ್ತಿದ್ದ ಕಾರ್ಯಕ್ರಮ, ಅದರಲ್ಲೂ ಬಾಯಿಪಾಠ ಆಗಿದ್ದ ಜಾಗ. ಒಬ್ಬ ದರ್ಜಿಯ ಕಾಗದ ಅದು. ಹಿಂದಿನ ವಾರ ನಿಮ್ಮ ಕಾರ್ಯಕ್ರಮ ಕೇಳಿ ನಗುತ್ತ ನಗುತ್ತ ಗಿರಾಕಿಯ ಅಂಗಿಯ ತೋಳನ್ನು ಜೇಬಿಗೆ ಸೇರಿಸಿ ಹೊಲಿದುಬಿಟ್ಟೆ, ಈಗ ಅವನಿಗೆ ಸಮಜಾಯಿಷಿ ಹೇಳುವ ಜವಾಬ್ದಾರಿ ನಿಮ್ಮದೇ ಅಂತ ಬರೆದಿದ್ದ. ಜೇಬು ಅನ್ನುವ ಮಾತಿಗೆ ಬಂದಾಗ ಅವಳಿಗೆ ತಡೆಯಲಾಗದೆ ನಗು ಬರುತ್ತಿತ್ತು. ಹದಿನೈದು ಸೆಕೆಂಡು.

ಮನೆಯಲ್ಲಿ ಈ ಪರೀಕ್ಷೆಯ ಸುದ್ದಿ ಎತ್ತಲಿಲ್ಲ. ಗೆದ್ದು ಬಂದು ಹೇಳೋಣ, ಇವಳ ದನಿ ಉಳಿಸಿಕೊಟ್ಟೆ ಅಂತ ಒಂದೇ ಸಲಕ್ಕೆ ಹೇಳಿ ಆ ಮುಖ ನೋಡೋಣ ಅಂತಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಗಾಜಿನ ಆಚೆ ಕಂಪ್ಯೂಟರಿನ ಮುಂದೆ ಡಬ್ಬಿ ಕೂತಿದ್ದ. ಫೈಲುಗಳನ್ನಿಡುವ ಸರ್ವರ್ ಯಂತ್ರವನ್ನು ಡಬ್ಬಿ ಡಬ್ಬಿ ಅಂತ ಕರೆದೂ ಕರೆದೂ ಅದೇ ಹೆಸರು ತನಗೆ ಅಂಟಿಸಿಕೊಂಡ, ತಲೆ ನರೆತ ಮನುಷ್ಯ. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ಕಂಪ್ಯೂಟರೇ ಕಲಸಿ ಹಾಕುತ್ತಿತ್ತು, ಡಬ್ಬಿಗೂ ಗೊತ್ತಿರಲಿಲ್ಲ. ಈಚೆ ಕಿವಿಯಣ್ಣ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಕೈ ಎತ್ತಲು ತಯಾರಾಗಿ ಕೂತ. ಮೊದಲನೆಯದು ಅಸಲಾದರೆ ಒಂದು ಬೆರಳು, ಎರಡನೆಯದಾದರೆ ಎರಡು.

ಮೊದಲ ಜೋಡಿ ಕೇಳಿದ ಕೂಡಲೇ ಅವನಿಗೆ ನಗು ಬಂತು, ಅಷ್ಟು ಸುಲಭ. ಒಂದರಲ್ಲಿ ಅವಳ ದನಿ ತೊಳೆದಿಟ್ಟ ಹಾಗಿತ್ತು, ಅವನಿಗೆ ಗೊತ್ತಿದ್ದ ಹಾಗೇ. ಇನ್ನೊಂದರಲ್ಲಿ ಹಿಂದೆ ಏನೋ ಗೊಸಗೊಸ, ಸಾಲಿನ ಕೊನೆಯಲ್ಲಿ ಪರಪರ, ನಗುವಿಗೆ ಸ್ವಲ್ಪ ಮುಂಚೆ ಸರ್ ಅಂತ ಒಂದು ಒರಟು ಸದ್ದು. ಹಿಂಡಿದ ಫೈಲಿನ ಲಕ್ಷಣವೇ ಅದು, ಮೌನ ಇರಬೇಕಾದ ಕಡೆ ಸರಪರ ಅನ್ನುತ್ತೆ ಅಂತ ಅವನೇ ಎಷ್ಟೋ ಜನಕ್ಕೆ ಪಾಠ ಹೇಳಿದ್ದ. ಎಂಥ ಕಚಡಾ ಮಾಡಿದಾರೆ ಇವಳ ದನಿಯನ್ನ ಅಂತ ಮನಸ್ಸಿನಲ್ಲೇ ಬೈದ. ಬೆರಳೆತ್ತಿದ. ಎರಡನೇ ಜೋಡಿ, ಮೂರನೇ ಜೋಡಿ, ಎಲ್ಲೂ ಎಳ್ಳಷ್ಟು ಅನುಮಾನವಿಲ್ಲ. ಹದಿನೇಳನೆಯದರ ನಡುವೆ ಗೇಟಿನವನು ಚಹಾ ಹಿಡಿದು ಬಾಗಿಲು ತೆಗೆದದ್ದರಿಂದ ಗಮನ ತಪ್ಪಿ ಯಾವುದೋ ಬೆರಳು ಎತ್ತಿದ. ಅದೊಂದು ಹೋಯಿತು, ಹತ್ತೊಂಬತ್ತು ಎಲ್ಲೂ ಹೋಗಲ್ಲ ಅಂದುಕೊಂಡು ಮುಗಿಸಿ, ಹೆಡ್‌ಫೋನು ಕೆಳಗಿಟ್ಟು ಚಹಾ ಎತ್ತಿಕೊಂಡ.

ಡಬ್ಬಿ ಗಾಜಿನ ಆಚೆಯಿಂದ ಎದ್ದು ಬರಲೇ ಇಲ್ಲ. ಪರದೆಯನ್ನೇ ನೋಡುತ್ತಿದ್ದ. ಮೇಡಂ ಹೋಗಿ ಬಗ್ಗಿ ನೋಡಿದಳು, ಇನ್ನೊಂದು ಸಲ ನೋಡಿದಳು. ಈಚೆ ಬಂದು ಕುರ್ಚಿ ಎಳೆದುಕೊಂಡು ಮೆತ್ತಗೆ ಹೇಳಿದಳು, ಇಪ್ಪತ್ತರಲ್ಲಿ ಒಂದು ಸರಿ ಅಂತ. ಆ ಒಂದು ಹದಿನೇಳನೆಯದು.

ಕಿವಿಯಣ್ಣ ತಮಾಷೆ ಅಂದುಕೊಂಡ. ಅವರಿಬ್ಬರ ಮುಖ ನೋಡಿದ ಮೇಲೆ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಡಬ್ಬಿ ಆಗ ಬಾಯಿ ಬಿಟ್ಟ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದರೂ ಹತ್ತು ಸರಿ ಬರಬೇಕಿತ್ತು ಮೇಡಂ, ಹತ್ತೊಂಬತ್ತು ತಪ್ಪು ಬಂದಿದೆ ಅಂದರೆ ಇವರಿಗೆ ವ್ಯತ್ಯಾಸ ಗೊತ್ತಾಗಿದೆ, ಅಸಲಿಗೆ ನಕಲು ಅಂದಿದ್ದಾರೆ ನಕಲಿಗೆ ಅಸಲು ಅಂದಿದ್ದಾರೆ, ಅಷ್ಟೇ ಅಂದ. ಪಾಪ, ಒಳ್ಳೆಯದಾಗಲಿ ಅಂತಲೇ ಹೇಳಿದ.

“ವ್ಯತ್ಯಾಸ ಇದೆಯೋ ಇಲ್ಲವೋ ಅಂತ ನಾನು ಕೇಳಿರಲಿಲ್ಲ,” ಅಂದಳು ಮೇಡಂ. “ಅಸಲು ಯಾವುದು ಅಂತ ಕೇಳಿದ್ದೆ. ಈ ನಿಲಯದಲ್ಲೇ ಒಳ್ಳೆ ಕಿವಿ ಚಿಕ್ಕ ಫೈಲನ್ನ ಅಸಲು ಅಂತಿದೆ. ಇನ್ನು ದೊಡ್ಡದನ್ನ ಯಾರಿಗೋಸ್ಕರ ಇಟ್ಟುಕೊಳ್ಳಲಿ, ನೀವೇ ಹೇಳಿ.”

ಡಬ್ಬಿ, ಎರಡನ್ನೂ ಹೆಸರು ಹೇಳಿ ಕೇಳಿಸ್ತೀನಿ ಬನ್ನಿ, ಎಲ್ಲಿ ತಪ್ಪಿದಿರಿ ಗೊತ್ತಾಗುತ್ತೆ ಅಂದ. ತಲೆ ಸಿಡೀತಿದೆ ಅಂತ ಇವನು ಹೆಡ್‌ಫೋನು ಮುಟ್ಟಲಿಲ್ಲ. ಅಳಿಸುವ ಕೆಲಸ ಶನಿವಾರ ಸಂಜೆ ಐದಕ್ಕೆ ಅಂತ ನಿಗದಿಯಾಗಿತ್ತು. ಮೇಡಂ ಎದ್ದು ಹೊರಟವಳು ಬಾಗಿಲಲ್ಲಿ ನಿಂತು, ಅಲ್ಲಿಯ ತನಕ ಬೇರೆ ಯಾರಾದರೂ ಹದಿನಾರು ಸರಿ ಹೇಳೋರಿದ್ದರೆ ಕರಕೊಂಡು ಬನ್ನಿ, ಹೊರಗಿನವರಾದರೂ ಚಿಂತೆಯಿಲ್ಲ, ನನ್ನ ಮಾತು ಮಾತೇ ಅಂದಳು.

ಸಂಜೆ ಮನೆಗೆ ಬಂದ. ಅವಳು ಬಾಗಿಲು ತೆಗೆದಳು. ಹೇಳಿಬಿಡಬೇಕಿತ್ತು. ಅಪ್ಪನ ಅಂಗಡಿಯಿಂದ ಇಲ್ಲಿಯ ತನಕ ಹೊತ್ತು ಮೆರೆಸಿದ ಕಿವಿ, ಹೆಂಡತಿಯ ದನಿಯನ್ನೇ ಗುರುತು ಹಿಡಿಯಲಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಅವತ್ತು ಪ್ಲೇಯರನ್ನೂ ಮುಟ್ಟಲಿಲ್ಲ.

ಶುಕ್ರವಾರ, ಶನಿವಾರ ಬಾಲ ಸುಟ್ಟ ಬೆಕ್ಕಿನ ಹಾಗೆ ನಿಲಯದ ತುಂಬ ಓಡಾಡಿದ. ಸಂಗೀತ ವಿಭಾಗದ ಪಿಟೀಲಿನವರನ್ನು ಕೂರಿಸಿದ, ಹನ್ನೊಂದು ಬಂತು. ಸುದ್ದಿ ಓದುವಾಕೆಯನ್ನು ಕೂರಿಸಿದ, ಒಂಬತ್ತು. ಟೈಪು ಮಾಡುವವರು, ಕ್ಯಾಂಟೀನಿನವರು, ಕೊನೆಗೆ ಗೇಟಿನವನು. ಯಾರಿಗೂ ಹತ್ತು ಹನ್ನೆರಡರ ಮೇಲೆ ಹೋಗಲಿಲ್ಲ. ಯಾಕೆ ಹೋದೀತು? ಅವರ್ಯಾರಿಗೂ ಆ ದನಿ ಗೊತ್ತಿರಲಿಲ್ಲ. ಎರಡೂ ಚೆನ್ನಾಗೇ ಇದೆಯಲ್ಲ ಅಂತ ಹೆಡ್‌ಫೋನು ತೆಗೆದು ಎದ್ದು ಹೋದರು. ಫೈಲುಗಳನ್ನು ಕದ್ದು ತರೋಣವೆಂದರೆ ಆ ಕಂಪ್ಯೂಟರುಗಳಿಗೆ ಏನು ಚುಚ್ಚಿದರೂ ಮೇಲಿನ ಮಹಡಿಯಲ್ಲಿ ಗೊತ್ತಾಗುತ್ತಿತ್ತು. ಅದೂ ಅಲ್ಲದೆ ಅವನ ಮನಸ್ಸೇ ಸೋತುಹೋಗಿತ್ತು. ನನ್ನ ಕಿವಿಗೇ ಅಸಲು ಅನ್ನಿಸದ್ದು ಇದ್ದರೆಷ್ಟು ಹೋದರೆಷ್ಟು ಅಂತ ಒಳಗೊಳಗೇ ಅನ್ನಿಸತೊಡಗಿತ್ತು. ಶನಿವಾರ ಐದಕ್ಕೆ ಐದು ನಿಮಿಷ ಇರುವಾಗ ಕೊಡೆ ತಗೊಂಡು ಮನೆಗೆ ಹೊರಟುಬಿಟ್ಟ.

ಭಾನುವಾರ ಮಧ್ಯಾಹ್ನ ಒಣಗಿದ ಬಟ್ಟೆ ತಂದು ಮಂಚದ ಮೇಲೆ ಸುರಿದು ಮಡಚುತ್ತಿದ್ದವಳು ನೋಟ್‌ಬುಕ್ಕು ಎಳೆದು ಬರೆದು ತೋರಿಸಿದಳು: ‘ಮೂರು ದಿನ ಆಯ್ತು, ಅದನ್ನ ಕಿವಿಗೆ ಇಟ್ಟಿಲ್ಲ. ಏನಾಯ್ತು?’

ಅವನಿಗೆ ಅಷ್ಟೇ ಬೇಕಿತ್ತು. ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದ. ಆದೇಶ, ಸಭೆ, ತಾನು ಜಂಬ ಕೊಚ್ಚಿಕೊಂಡದ್ದು, ದರ್ಜಿಯ ಕಾಗದ, ಇಪ್ಪತ್ತರಲ್ಲಿ ಒಂದು. ಅಸಲಿನಲ್ಲಿ ಹಿಂದೆ ಏನೋ ಪರಪರ ಅಂತಿತ್ತು ಕಣೇ, ನಗುವಿಗೆ ಮುಂಚೆ ಸರ್ ಅಂತ ಒಂದು ಕೆಟ್ಟ ಸದ್ದು, ಅದು ಹಿಂಡಿದ್ದರಿಂದ ಬಂದ ದೋಷ ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ತಿದ್ದರು ಅಂದ.

ಅವಳ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. ಇವನನ್ನೇ ನೋಡಿದಳು. ಕುತ್ತಿಗೆಯ ತೂತಿನಲ್ಲಿ ಉಸಿರು ಹೋಗಿ ಬರುವುದು ಕೇಳಿಸುತ್ತಿತ್ತು. ಪೆನ್ಸಿಲು ತಗೊಂಡು ಒಂದು ಸಾಲು ಬರೆದಳು.

‘ಪರಪರ ಅಂದದ್ದು ಕಾಗದ. ಸರ್ ಅಂದದ್ದು ನಾನು.’

ಅವನು ಓದಿದ. ಮತ್ತೆ ಓದಿದ. ಅವನ ಕೋಣೆಯ ಬುಟ್ಟಿ, ಒಂದು ಹಿಡಿ ಟೇಪಿನ ಚೂರು, ಇಷ್ಟೂ ನಂದಾ ಅಂತ ನಕ್ಕದ್ದು, ಎಲ್ಲ ಒಟ್ಟಿಗೇ ಬಂದು ಎದೆಯ ಮೇಲೆ ಕೂತವು. ಇಪ್ಪತ್ತು ಸಲ ಅವಳು ಅವನ ಕಿವಿಯಲ್ಲೇ ಉಸಿರೆಳೆದಿದ್ದಳು. ಹತ್ತೊಂಬತ್ತು ಸಲ ಅವನು ಇದು ನೀನಲ್ಲ ಅಂದಿದ್ದ.

ಅವಳು ಬರೆಯುತ್ತಲೇ ಇದ್ದಳು. ಬರೆದದ್ದನ್ನು ಅವನ ಮೊಣಕಾಲ ಮೇಲೆ ಇಟ್ಟಳು. ‘ಏಳು ವರ್ಷದ ಹಿಂದೆ ನೀವು ಮೊದಲ ಸಲ ಹಾಕಿದಾಗಲೇ ಗೊತ್ತಾಯ್ತು. ಆ ಮಿಷಿನ್ನಲ್ಲಿರೋಳು ಉಸಿರೇ ಆಡಲ್ಲ. ನೀವು ಕತ್ತರಿಸದೆ ಬಿಟ್ಟಿದ್ದನ್ನೆಲ್ಲ ಅದು ತೆಗೆದುಹಾಕಿದೆ. ಆದರೆ ಅವಳ ಮಾತು ಕೇಳುವಾಗ ನಿಮ್ಮ ಮುಖದಲ್ಲಿ ಎಷ್ಟು ಸಮಾಧಾನ ಇತ್ತು. ನಾನ್ಯಾಕೆ ಕೆಡಿಸಲಿ ಅಂತ ಸುಮ್ಮನಾದೆ. ಸವತಿ ಮಾತು ಕೂತು ಕೇಳೋಕಾಗದೆ ಹಿತ್ತಲಿಗೆ ಹೋಗ್ತಿದ್ದೆ.’

ಅವನು ನೋಟ್‌ಬುಕ್ಕನ್ನು ವಾಪಸು ಅವಳ ಕೈಗಿಟ್ಟ. “ನೀನಾಗಿದ್ದರೆ ಇಪ್ಪತ್ತಕ್ಕೆ ಎಷ್ಟು ಹೇಳ್ತಿದ್ದೆ?” ಅಂದ.

ಅವಳು ಇಪ್ಪತ್ತು ಅಂತ ಅಂಕಿಯಲ್ಲಿ ಬರೆದಳು. ಅದರ ಕೆಳಗೇ, ‘ಯಾವತ್ತು ಅಳಿಸೋದು? ನಾಳೆ ನಾನೇ ಬರ್ತೀನಿ, ಸೀರೆ ಇಸ್ತ್ರಿ ಮಾಡಿಟ್ಕೋತೀನಿ.’

“ನಿನ್ನೆ,” ಅಂದ ಅವನು. “ನಿನ್ನೆ ಸಂಜೆ ಐದಕ್ಕೆ. ಹೊರಗಿನವರಾದರೂ ಸರಿ, ಯಾರನ್ನಾದರೂ ಕರಕೊಂಡು ಬನ್ನಿ ಅಂದಿದ್ದರು. ಗೇಟಿನವನನ್ನೂ ಕೂರಿಸಿದೆ. ನೀನು… ನಿನ್ನ ನೆನಪೇ ಬರಲಿಲ್ಲ ನನಗೆ.”

ಅವಳು ನೋಟ್‌ಬುಕ್ಕು ಮುಚ್ಚಿದಳು. ಔಷಧಿ ಅಂಗಡಿಯವನಿಗೆ ತೋರಿಸುತ್ತಿದ್ದ ಹಾಗೇ ತಿರುಗಿಸಿ, ಹಿಂದಿನ ರಟ್ಟನ್ನು ಅವನ ಮುಂದೆ ಹಿಡಿದಳು. ಅವನು ಓದಿ ಮುಗಿಸುವ ತನಕ ಹಿಡಿದುಕೊಂಡೇ ಇದ್ದಳು. ಆಮೇಲೆ ಅದನ್ನು ದಿಂಬಿನ ಪಕ್ಕ ಇಟ್ಟು, ಉಳಿದ ಬಟ್ಟೆ ಮಡಚಿದಳು.

ಸೋಮವಾರ ಅವನು ಎಲ್ಲರಿಗಿಂತ ಮುಂಚೆ ಹೋಗಿ ಡಬ್ಬಿಯ ಬಾಗಿಲಲ್ಲಿ ಕಾದ. ಹೇಗಾದರೂ ವಾಪಸು ಬರುತ್ತಾ ಅಂತ ಕೇಳಿದ. ಅದೇ ಜಾಗದ ಮೇಲೆ ಭಾನುವಾರವೇ ಹೊಸ ಹಾಡುಗಳು ಬಂದು ಕೂತಾಯ್ತು ಅಂದ ಡಬ್ಬಿ. ಬೇಕಾದರೆ ಕಾಗದದ ಕಾರ್ಯಕ್ರಮದ್ದೆಲ್ಲ ಚಿಕ್ಕ ಫೈಲು ಹಾಕಿಕೊಡ್ತೀನಿ, ಸಾವಿರಕ್ಕೆ ಸಾವಿರವೂ ನಿಮ್ಮ ಆ ಪ್ಲೇಯರಿನಲ್ಲೇ ಹಿಡಿಯುತ್ತೆ ಅಂತಲೂ ಹೇಳಿದ.

ಸಂಜೆ ಕೈಕಾಲು ತೊಳೆದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯದನ್ನೇ ಕಿವಿಗಿಟ್ಟ. ಅವಳು ಈ ಸಲ ಎದ್ದು ಹೋಗಲಿಲ್ಲ, ಎದುರಿಗೇ ಕೂತಳು. ಈಗ ಎಲ್ಲ ತಿಳಿದ ಮೇಲಾದರೂ ಇದು ಅವಳಲ್ಲ ಅಂತ ಕಿವಿ ಹೇಳೀತು, ಅಷ್ಟಾದರೂ ಉಳಿದೀತು ಅಂತ ಅವನಿಗೊಂದು ಆಸೆಯಿತ್ತು. ದರ್ಜಿಯ ಕಾಗದ ಬಂತು. ತೋಳು ಬಂತು, ಜೇಬು ಬಂತು. ಉಸಿರು ಇರಬೇಕಾದ ಜಾಗದಲ್ಲಿ ಏನೂ ಇಲ್ಲದೆ ನೇರ ನಗು ಬಂತು. ಅವನು ಕಣ್ಣು ಮುಚ್ಚಿ, ಆ ಸರ್ ಅನ್ನುವ ಸದ್ದನ್ನು ಗುರುವಾರದಿಂದ ನೆನಪಿಗೆ ತಂದು ಅಲ್ಲಿಡಲು ನೋಡಿದ. ಎಷ್ಟು ಮಾಡಿದರೂ ಕೂರಲಿಲ್ಲ. ಇದೇ ಅವಳ ದನಿ, ಇದೇ ಸರಿ ಅಂತ ಕಿವಿ ಮೊದಲಿನ ಹಾಗೇ ಹೇಳಿತು. ಅವಳು ಎದುರಿಗೆ ಕೂತು ಉಸಿರಾಡುತ್ತಿದ್ದಳು, ಇಯರ್‌ಫೋನಿನ ಈಚೆ ಅದು ಅವನಿಗೆ ಕೇಳಿಸಲಿಲ್ಲ.